ಗ್ಯಾಸ್‌ಲೈಟ್ ಮ್ಯಾಂಟಲ್ ಪುಡಿ ಊದಬೇಡಿ

ಮಾನ್ಯ ಸಂಪಾದಕರೇ,

ವಿಕಿರಣ ಅಂದ ತಕ್ಷಣ ನಮ್ಮ ಜನಕ್ಕೆ ಕೈಗಾ, ಮೊಬೈಲ್ ಟವರ್ ಎರಡೇ ನೆನಪಾಗೋದು. ಟವರ್ ತರಂಗಕ್ಕೂ, ಪರಮಾಣು ತಾನಾಗೇ ಕ್ಷಯಿಸಿ ಕಣ-ಕಿರಣ ಬಿಡೋ ರೇಡಿಯೋಆಕ್ಟಿವಿಟಿಗೂ ಸಂಬಂಧನೇ ಇಲ್ಲ. ಆದ್ರೆ ಅಟ್ಟದ ಮೇಲಿರೋ ಪೆಟ್ರೋಮ್ಯಾಕ್ಸ್ ಜೊತೆ ಹಳೇ ಮ್ಯಾಂಟಲ್ (ದೀಪದೊಳಗೆ ಬೆಳಗೋ ಬಲೆಯಂಥ ಬಟ್ಟೆ ಚೀಲ) ಇದ್ರೆ ಅದ್ರಲ್ಲಿ ಥೋರಿಯಂ ಅನ್ನೋ ವಿಕಿರಣಶೀಲ ಲೋಹದ ಅಂಶ ಇರೋ ಸಾಧ್ಯತೆ ಜಾಸ್ತಿ, ಅದು ಆಲ್ಫಾ ಕಣ ಅನ್ನೋ ಒಂದು ಬಗೆ ವಿಕಿರಣ ಬಿಡ್ತಾನೇ ಇರುತ್ತೆ, ಅರ್ಧಾಯುಷ್ಯ, ಅಂದ್ರೆ ಅರ್ಧ ಭಾಗ ಕ್ಷಯಿಸೋಕೆ ಬೇಕಾದ ಕಾಲ, ಸುಮಾರು 1400 ಕೋಟಿ ವರ್ಷ. ಹೊರಗಿದ್ರೆ ಅಷ್ಟು ಭಯ ಇಲ್ಲ, ಆಲ್ಫಾ ಕಣನ ಒಂದು ಹಾಳೆ ಕಾಗದನೇ ತಡೆಯುತ್ತೆ, ತೊಂದ್ರೆ ಇರೋದು ಪುಡಿ ಮೈಯೊಳಗೆ ಹೋದಾಗ. ಮದುವೆ ಮನೆಲಿ ಉರಿದು ಬೆಳ್ಳಗಾಗಿರೋ ಮ್ಯಾಂಟಲ್ ಮುಟ್ಟಿ, ಪುಡಿಪುಡಿ ಆದದ್ದನ್ನ ಬಾಯಲ್ಲಿ ಊದಿ ಹಾರಿಸಿ, ಅದೇ ಕೈಲಿ ಲಾಡು ತಿಂದವರು ನಾವು, ಯಾರೂ ಬೇಡ ಅನ್ಲಿಲ್ಲ.

ಗಾಮಾ ಕಿರಣ ಅನ್ನೋ ಇನ್ನೊಂದು ಬಗೆ ವಿಕಿರಣ ಹಾಗಲ್ಲ, ಹೊರಗಿದ್ರೂ ಅಪಾಯ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿಗೆ ಹಳೇ ಯಂತ್ರದ ಜೊತೆ ಕೋಬಾಲ್ಟ್-60 ಅನ್ನೋ ವಿಕಿರಣಶೀಲ ವಸ್ತು ಬಂತು. ಅದು ಬೀಟಾ ಕಣ ಬಿಟ್ಟು ನಿಕಲ್ ಆಗೋವಾಗ ಗಾಮಾ ಕಿರಣ ಹೊರಡುತ್ತೆ, ತಡೆಯೋಕೆ ದಪ್ಪ ಸೀಸದಂಥದ್ದೇ ಬೇಕು. ಏನಂತ ಗೊತ್ತಿಲ್ದೆ ಬಿಚ್ಚಿದ್ರು, ಒಬ್ಬರು ತೀರ್ಕೊಂಡ್ರು.

ನಮ್ಮೂರ ಗುಜರಿ ಅಂಗಡಿ ಹುಡುಗರಿಗೆ ವಿಕಿರಣದ ಎಚ್ಚರಿಕೆ ಕೊಡೋ ಆ ಮೂರು ದಳದ ಹಳದಿ ಚಿಹ್ನೆ ಯಾರಾದ್ರೂ ತೋರ್ಸಿದಾರಾ? ಪಂಚಾಯ್ತಿಯವರು ಪ್ರತಿ ಗುಜರಿ ಅಂಗಡಿ ಬಾಗಿಲಿಗೂ ಅದರ ಚಿತ್ರ ಅಂಟಿಸ್ಲಿ, ಕಂಡ್ರೆ ಮುಟ್ಟದೆ ಪೊಲೀಸ್‌ಗೆ ತಿಳಿಸಿ ಅಂತ ಕನ್ನಡದಲ್ಲೇ ದೊಡ್ಡದಾಗಿ ಬರೀಲಿ.

– ಒಬ್ಬ ಓದುಗ, ತೀರ್ಥಹಳ್ಳಿ