ಲೆಡ್‌ವಿಲ್‌ಗೆ ಹೊರಡುವ ಮೊದಲು

ಬೆಂಗಳೂರು,
ಜೂನ್ 9

ಚಿ. ಪುಟ್ಟಿಗೆ ನಿನ್ನ ಮಾವ ಮಾಡುವ ಅನೇಕ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅತ್ತೆಯ ಮಂಡಿನೋವು ಈಗ ಎಷ್ಟೋ ವಾಸಿ.

ನಿನ್ನೆ ನಿನ್ನ ಅಮ್ಮ ಫೋನು ಮಾಡಿದ್ದಳು. ಜುಲೈನಲ್ಲಿ ಅವರಿಬ್ಬರೂ ಡೆನ್ವರ್‌ಗೆ ಬಂದಾಗ ನೀನು ಬಾಡಿಗೆಗೆ ತೆಗೆದುಕೊಳ್ಳುವ ನಾಲ್ಕು ಸೀಟಿನ ಪುಟ್ಟ ವಿಮಾನ ಸೆಸ್ನಾ 172ಎಸ್‌ನಲ್ಲಿ ಕೂರಿಸಿಕೊಂಡು ಬೆಟ್ಟದ ಮೇಲಿನ ಲೆಡ್‌ವಿಲ್‌ಗೆ ಹೋಗುತ್ತೀಯಂತೆ. ಉತ್ತರ ಅಮೆರಿಕದಲ್ಲೇ ಅತಿ ಎತ್ತರದ ವಿಮಾನ ನಿಲ್ದಾಣ, ಅಲ್ಲಿ ಇಳಿದ ಪೈಲಟ್‌ಗೆ ಪ್ರಮಾಣಪತ್ರ ಕೊಡುತ್ತಾರೆ, ಮಧ್ಯಾಹ್ನ ಅಲ್ಲೇ ಊಟ ಮುಗಿಸಿ ವಾಪಸ್ಸು, ಅಂತೆಲ್ಲ ಬಹಳ ಹಿಗ್ಗಿನಿಂದ ಹೇಳಿದಳು. ನಿನಗೆ ಲೈಸೆನ್ಸ್ ಬಂದ ದಿನ ಬೀದಿಗೆಲ್ಲ ಪೇಡ ಹಂಚಿದವನು ನಾನು. ಹಾಗಾಗಿ ಹಾರಬೇಡ ಎನ್ನಲು ಈ ಕಾಗದ ಬರೆಯುತ್ತಿಲ್ಲ. ಲೆಕ್ಕ ಹಾಕಿದ್ದೀಯಾ ಎಂದು ಕೇಳಬೇಕಿತ್ತು. ರಾತ್ರಿ ನಿದ್ದೆ ಬರಲಿಲ್ಲ, ಎದ್ದು ಕೂತು ನಾನೇ ಹಾಕಿದೆ.

ಮೊದಲು ನಮ್ಮ ಜಕ್ಕೂರು ವಿಮಾನ ನಿಲ್ದಾಣವನ್ನೇ ತೆಗೆದುಕೋ. ಅದರ ಎತ್ತರ ಸುಮಾರು 3,000 ಅಡಿ. ಪ್ರಮಾಣಿತ ಲೆಕ್ಕದಂತೆ ಸಮುದ್ರಮಟ್ಟದಲ್ಲಿ 15 ಡಿಗ್ರಿ, ಸಾವಿರ ಅಡಿಗೆ ಎರಡು ಡಿಗ್ರಿಯಂತೆ ಇಳಿಸಿದರೆ ಅಲ್ಲಿ ಇರಬೇಕಾದ ಉಷ್ಣತೆ 9. ಏಪ್ರಿಲ್ ಮಧ್ಯಾಹ್ನ 35 ಇದ್ದರೆ ವ್ಯತ್ಯಾಸ 26. ಡಿಗ್ರಿಗೆ 120 ಅಡಿಯಂತೆ 3,120, ಅದನ್ನು ಎತ್ತರಕ್ಕೆ ಸೇರಿಸು. ಅಂದರೆ ವಿಮಾನ ನಿಂತಿರುವುದು ಜಕ್ಕೂರಿನಲ್ಲಾದರೂ ಅದರ ಎಂಜಿನ್, ಪ್ರೊಪೆಲರ್, ರೆಕ್ಕೆ ಮೂರಕ್ಕೂ ಸಿಗುವುದು ಆರು ಸಾವಿರದ ನೂರು ಅಡಿ ಎತ್ತರದ ತೆಳು ಗಾಳಿ. ಇದೇ ಡೆನ್ಸಿಟಿ ಆಲ್ಟಿಟ್ಯೂಡ್. ಇದನ್ನು ನೀನು ಪರೀಕ್ಷೆಗೆ ಓದಿದ್ದೀಯ, ಗೊತ್ತು.

ಈಗ ಲೆಡ್‌ವಿಲ್. 9,934 ಅಡಿ. ಅಲ್ಲಿ ಇರಬೇಕಾದ ಉಷ್ಣತೆ ಸೊನ್ನೆಗಿಂತ ಐದು ಡಿಗ್ರಿ ಕೆಳಗೆ. ಜುಲೈ ಮಧ್ಯಾಹ್ನ 21 ಡಿಗ್ರಿ ಎಂದರೆ ಮೈಗೆ ಎಷ್ಟು ಹಿತ! ನಿನ್ನ ಅಮ್ಮ ಶಾಲು ಹೊದ್ದುಕೊಂಡಾಳು. ಆದರೆ ವ್ಯತ್ಯಾಸ ಮತ್ತೆ 26. ಅದೇ 3,120 ಸೇರಿಸು: ಹದಿಮೂರು ಸಾವಿರ ಅಡಿ ದಾಟಿತು. ನಿನ್ನ ವಿಮಾನದ ಸರ್ವಿಸ್ ಸೀಲಿಂಗ್, ಅಂದರೆ ಏರುವ ಎತ್ತರದ ಮಿತಿ, 14,000. ಆ ಎತ್ತರದಲ್ಲಿ ಹೊಸ ವಿಮಾನಕ್ಕೂ ನಿಮಿಷಕ್ಕೆ ನೂರು ಅಡಿ ಏರುವಷ್ಟೇ ಶಕ್ತಿ ಉಳಿದಿರುತ್ತದೆ. ಚಕ್ರ ಇನ್ನೂ ನೆಲದ ಮೇಲಿರುವಾಗಲೇ ನೀನು ಆ ಮಿತಿಗೆ ಸಾವಿರ ಅಡಿಯಷ್ಟು ಹತ್ತಿರ ಇರುತ್ತೀಯ. ಸುತ್ತಲೂ ಬೆಟ್ಟ.

ವಿಮಾನದ ಹ್ಯಾಂಡ್‌ಬುಕ್ಕಿನ ಟೇಕಾಫ್ ಕೋಷ್ಟಕ ತೆಗೆದು ಎಡಗಡೆಯ ಕಾಲಂನಲ್ಲಿ ಬೆರಳಿಟ್ಟು ಕೆಳಗಿಳಿಸು. ಕೊನೆಯ ಸಾಲು 8,000 ಅಡಿ. ಅಲ್ಲಿಗೆ ಕೋಷ್ಟಕ ಮುಗಿಯಿತು. ಲೆಡ್‌ವಿಲ್ಲಿನ ಎತ್ತರಕ್ಕೆ ಅದರಲ್ಲಿ ಸಾಲೇ ಇಲ್ಲ. ಎರಡು ಸಾಲುಗಳ ನಡುವಿನ ಅಂಕಿಯನ್ನು ಅಂದಾಜಿಸುವುದು ಲೆಕ್ಕ. ಕೊನೆಯ ಸಾಲಿನಿಂದಾಚೆಗೆ ಪೆನ್ಸಿಲ್ ಗೀಟು ಎಳೆಯುವುದು ಲೆಕ್ಕವಲ್ಲ ಪುಟ್ಟಿ, ಆಸೆ. ಅಲ್ಲಿಗೆ 172 ಹಾರಿಸಿಕೊಂಡು ಹೋಗುವವರಿಲ್ಲವೇ ಎಂದರೆ ಇದ್ದಾರೆ. ಬೆಟ್ಟದ ಹಾರಾಟ ಬಲ್ಲ ಇನ್‌ಸ್ಟ್ರಕ್ಟರ್ ಪಕ್ಕದಲ್ಲಿರುತ್ತಾರೆ, ಹಿಂದಿನ ಸೀಟು ಖಾಲಿ, ಇಂಧನ ಬೇಕಾದಷ್ಟೇ, ಬೆಳಗಿನ ತಂಪಿನಲ್ಲೇ ಹೊರಟುಬಿಡುತ್ತಾರೆ. ರನ್‌ವೇ 6,400 ಅಡಿ ಉದ್ದವಿದೆ ಎಂಬ ಧೈರ್ಯ ಬೇಡ. ಓಡಲು ಜಾಗ ಸಿಕ್ಕೀತು, ನೆಲ ಬಿಟ್ಟ ಮೇಲೆ ಏರಬೇಕಲ್ಲ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಉತ್ತರ ಕರ್ನಾಟಕದ ಒಂದು ಕಾರ್ಖಾನೆಯ ಮಣ್ಣಿನ ಏರ್‌ಸ್ಟ್ರಿಪ್ಪಿನಿಂದ ಏಪ್ರಿಲ್‌ನಲ್ಲೊಮ್ಮೆ ಪುಷ್ಪಕ್ ಹಾರಿಸಿದೆ. ಗೊತ್ತಲ್ಲ, ನಮ್ಮ ಎಚ್‌ಎಎಲ್‌ನವರು ಮಾಡಿದ ಎರಡು ಸೀಟಿನ, 90 ಅಶ್ವಶಕ್ತಿಯ ವಿಮಾನ. ಬೆಳಿಗ್ಗೆ ಏಳಕ್ಕೆ ಇಬ್ಬರನ್ನು ಹೊತ್ತು ಅದು ಸಲೀಸಾಗಿ ಎದ್ದಿತ್ತು. ಮಧ್ಯಾಹ್ನ ಎರಡಕ್ಕೆ ಅದೇ ವಿಮಾನ, ಅದೇ ಇಬ್ಬರು. ಬೆಳಿಗ್ಗೆ ಎದ್ದದ್ದು ಈಗ ಏಳದೇ ಇರುತ್ತದೆಯೇ ಎಂದುಕೊಂಡೆ. ಕಾಗದ ಮುಟ್ಟಲಿಲ್ಲ. ಗಾಳಿ ತಿರುಗಿ ಬೆನ್ನಿಗೆ ಬಂದದ್ದನ್ನು ನೋಡಿಯೂ ಲೆಕ್ಕಕ್ಕಿಡಲಿಲ್ಲ. ಅರ್ಧ ದಾರಿ ಕಳೆದರೂ ಸ್ಟಿಕ್ಕಿನಲ್ಲಿ ಜೀವ ಬರಲಿಲ್ಲ. ನಿಲ್ಲಿಸಲು ಜಾಗ ಇದ್ದಾಗ ನಿಲ್ಲಿಸಲಿಲ್ಲ, ಆಮೇಲೆ ಜಾಗ ಇರಲಿಲ್ಲ. ಕೊನೆಯ ಜಾಲಿ ಮರಗಳ ಸಾಲು ಕೆಳಗೆ ಸರಿಯುವಾಗ ಪರಪರ ಸದ್ದು ಕೇಳಿಸಿತು. ಇಳಿದ ಮೇಲೆ ನೋಡಿದರೆ ಎಡ ಚಕ್ರದ ಸಂದಿಯಲ್ಲಿ ಗೇಣುದ್ದದ ಜಾಲಿ ಟೊಂಗೆ. ಅದರ ಒಂದು ಮುಳ್ಳು ಇವತ್ತಿಗೂ ನನ್ನ ಲಾಗ್‌ಬುಕ್ಕಿನ ಆ ಪುಟದಲ್ಲಿ ಚುಚ್ಚಿದೆ. ತಪ್ಪು ಪೂರ್ತಿ ನನ್ನದು. ಪಕ್ಕದಲ್ಲಿ ಕೂತಿದ್ದ ಹುಡುಗನಿಗೆ ಆಗ ಇಪ್ಪತ್ತು ವರ್ಷ.

ಅಂದಿನಿಂದ ನಾನು ಪಾಲಿಸಿದ್ದನ್ನು ನಿನಗೂ ಹೇಳುತ್ತೇನೆ. ಸಮುದ್ರಮಟ್ಟದಲ್ಲಿ ಐವತ್ತಡಿ ಎತ್ತರದ ಅಡ್ಡಿ ದಾಟಲು ನಿನ್ನ ವಿಮಾನಕ್ಕೆ 1,630 ಅಡಿ ಸಾಕು ಎನ್ನುತ್ತದೆ ಪುಸ್ತಕ. ಅದು ಹೊಸ ಎಂಜಿನ್, ಪಳಗಿದ ಟೆಸ್ಟ್ ಪೈಲಟ್, ಸಮತಟ್ಟಾದ ಒಣ ಡಾಂಬರು, ಇಷ್ಟೂ ಕೂಡಿದಾಗಿನ ಮಾತು. ಬಾಡಿಗೆ ವಿಮಾನ ಎಷ್ಟು ಕೈ ದಾಟಿದೆಯೋ. ಪುಸ್ತಕದಿಂದ ಬಂದ ಅಂಕಿಗೆ ಅರ್ಧದಷ್ಟು ಸೇರಿಸಿಕೋ, ಆಮೇಲೆ ರನ್‌ವೇ ನೋಡು. ಎದುರುಗಾಳಿ ಒಂಬತ್ತು ನಾಟ್ ಇದ್ದರೆ ದೂರ ಶೇ. 10 ಇಳಿಯುತ್ತದೆ, ಬೆನ್ನುಗಾಳಿ ಬರೀ ಎರಡು ನಾಟ್ ಇದ್ದರೂ ಶೇ. 10 ಏರುತ್ತದೆ. ಗಾಳಿ ಕೊಡುವುದು ಚಮಚದಲ್ಲಿ, ಕಸಿಯುವುದು ಸೌಟಿನಲ್ಲಿ. ಸಮುದ್ರಮಟ್ಟದಲ್ಲಿ ಐವತ್ತಡಿ ಏರಲು ಸಾವಿರ ಅಡಿ ದೂರ ಸಾಕಾಗುವ ವಿಮಾನಕ್ಕೆ ಆರು ಸಾವಿರ ಅಡಿ ಎತ್ತರದಲ್ಲಿ, 38 ಡಿಗ್ರಿ ಬಿಸಿಲಿನಲ್ಲಿ 3,300 ಅಡಿ ಬೇಕು ಎಂದು ನಿಮ್ಮ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎಯ ಕಿರುಹೊತ್ತಗೆಯಲ್ಲೇ ಇದೆ.

ಹೊರಡುವ ಮುಂಚೆ ರನ್‌ವೇಯ ಅರ್ಧವನ್ನು ಒಂದು ದೀಪವೋ ಟ್ಯಾಕ್ಸಿವೇ ತಿರುವೋ ನೋಡಿ ಗುರುತು ಮಾಡಿಕೋ. ಅಲ್ಲಿಗೆ ಬರುವಷ್ಟರಲ್ಲಿ ಏಳುವ ವೇಗದ ಶೇ. 70 ಬಂದಿರಬೇಕು, ಇಲ್ಲದಿದ್ದರೆ ಥ್ರಾಟಲ್ ಎಳೆದುಬಿಡು. ಯಾಕೆ 70? ಓಡಬೇಕಾದ ದೂರ ವೇಗದ ವರ್ಗದಂತೆ ಬೆಳೆಯುತ್ತದೆ. 0.7ರ ವರ್ಗ 0.49, ಅಂದರೆ ಅರ್ಧ. ಈ ನಿರ್ಧಾರ ಮನೆಯಲ್ಲೇ ಆಗಿರಬೇಕು. ಓಡುತ್ತಿರುವಾಗ, ಅದರಲ್ಲೂ ಹಿಂದೆ ಅಮ್ಮ ಕೂತಿರುವಾಗ, ಕೈ ಹಿಂದಕ್ಕೆ ಬರುವುದಿಲ್ಲ.

ಇಳಿಯುವಾಗಿನ ಮೋಸ ಬೇರೆ ಥರದ್ದು. ಮೀಟರಿನಲ್ಲಿ ಎಂದಿನಂತೆ 61 ನಾಟ್ ಇರುತ್ತದೆ, ಆದರೆ ಹದಿಮೂರು ಸಾವಿರದ ತೆಳು ಗಾಳಿಯಲ್ಲಿ ನಿಜವಾದ ವೇಗ 74 ದಾಟಿರುತ್ತದೆ. ನೆಲ ರಭಸವಾಗಿ ಹಿಂದೆ ಸರಿಯುವುದು ಕಂಡು ವೇಗ ಹೆಚ್ಚಾಯಿತೆಂದು ಮೂತಿ ಎತ್ತಲು ಮನಸ್ಸಾಗುತ್ತದೆ. ಎತ್ತಬೇಡ, ಮೀಟರನ್ನೇ ನಂಬು. ಇನ್ನೊಂದು, ಸಾಮಾನ್ಯವಾಗಿ ಏಳಲು ಬೇಕಾದಷ್ಟು ದೂರ ಇಳಿಯಲು ಬೇಡ. ಹೀಗಾಗಿ ಸುಲಭವಾಗಿ ಇಳಿದ ಜಾಗದಿಂದ ಮಧ್ಯಾಹ್ನ ಮೇಲೇಳಲಾಗದೆ ಕೂರಬೇಕಾಗುತ್ತದೆ. ಹೋಗುವ ಮುಂಚೆಯೇ ಬರುವ ಲೆಕ್ಕ ಹಾಕು.

ತೂಕದ ವಿಷಯದಲ್ಲಿ ದಾಕ್ಷಿಣ್ಯ ಬೇಡವೇ ಬೇಡ. 2,550 ಪೌಂಡ್ ಮಿತಿ. ಟ್ಯಾಂಕ್ ತುಂಬಿಸಿದರೆ ಬಳಸಬಹುದಾದ 53 ಗ್ಯಾಲನ್‌ಗೇ 318 ಪೌಂಡ್ ಹೋಯಿತು. ಅಪ್ಪ, ಅಮ್ಮ ಇಬ್ಬರನ್ನೂ ಬಟ್ಟೆ, ಚಪ್ಪಲಿ, ಕೈಚೀಲದ ಸಮೇತ ತಕ್ಕಡಿ ಮೇಲೆ ನಿಲ್ಲಿಸು. ಅಮ್ಮ ಕೈಚೀಲದಲ್ಲಿ ಚಕ್ಕುಲಿ ಡಬ್ಬಿ ಇಟ್ಟುಕೊಳ್ಳದೆ ಮನೆ ಬಿಡುವವಳಲ್ಲ.

ಲೆಡ್‌ವಿಲ್‌ಗೆ ಸೆಪ್ಟೆಂಬರ್‌ನಲ್ಲಿ ನೀನು ಇನ್‌ಸ್ಟ್ರಕ್ಟರ್ ಜೊತೆ ಹೋಗಿ ಬಾ. ಅಪ್ಪ ಅಮ್ಮನನ್ನು ಡೆನ್ವರ್‌ನ ಸೆಂಟೆನಿಯಲ್ ನಿಲ್ದಾಣದಿಂದಲೇ ಬೆಳಿಗ್ಗೆ ಆರೂವರೆಗೆ ಎಬ್ಬಿಸಿಕೊಂಡು ಬಯಲಿನ ಕಡೆ, ಪೂರ್ವಕ್ಕೆ ಹಾರಿಸು. ಬೆಟ್ಟದ ಮೇಲೆ ಬಿಸಿಲು ಬೀಳುವುದನ್ನು ಅವರು ದೂರದಿಂದಲೇ ಕಣ್ತುಂಬ ನೋಡಲಿ. ಆ ನಿಲ್ದಾಣವೂ 5,885 ಅಡಿ ಎತ್ತರದಲ್ಲಿದೆ. 15 ಡಿಗ್ರಿಯ ಬೆಳಗಿನಲ್ಲಿ ಅದು ಏಳು ಸಾವಿರದ ಮುನ್ನೂರರಂತೆ, 32ರ ಮಧ್ಯಾಹ್ನ ಒಂಬತ್ತು ಸಾವಿರದ ಮುನ್ನೂರರಂತೆ. ಏಳುವ ಮುಂಚೆ ಮಿಕ್ಸ್ಚರ್ ತೆಳು ಮಾಡುವುದನ್ನು, ಅಂದರೆ ತೆಳು ಗಾಳಿಗೆ ತಕ್ಕಂತೆ ಇಂಧನ ಕಡಿಮೆ ಮಾಡುವುದನ್ನು, ಮರೆಯಬೇಡ.

ಆ ಬೆಳಗಿನ ಲೆಕ್ಕವನ್ನು ಮೂವರ ತೂಕ ಹಿಡಿದು ಕಾಗದದ ಮೇಲೆ ಮಾಡಿ ಫೋಟೊ ಕಳಿಸು. ಆ್ಯಪ್‌ನಲ್ಲಿ ಬಂದ ಉತ್ತರ ಬೇಡ, ನಿನ್ನ ಕೈಬರಹ ಬೇಕು. ನಾನೂ ಇಲ್ಲಿ ಬೇರೆಯಾಗಿ ಮಾಡಿಟ್ಟಿರುತ್ತೇನೆ. ಎರಡೂ ತಾಳೆಯಾದ ದಿನ ನಿನ್ನ ಅಮ್ಮನಿಗೆ ನಾನೇ ಫೋನು ಮಾಡಿ ಹೋಗಿ ಬನ್ನಿ ಅನ್ನುತ್ತೇನೆ.

ಇತಿ ನಿನ್ನ ಪ್ರೀತಿಯ
ಮಾವ