ಕೌಟುಂಬಿಕ ದೌರ್ಜನ್ಯ: ಅಲೆಯಬೇಕಾದ್ದು ಕಡತ, ಹೆಣ್ಣುಮಗಳಲ್ಲ

ಮಾನ್ಯ ಸಂಪಾದಕರೇ,

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದಿದ್ದು 2006ರ ಅಕ್ಟೋಬರ್ 26ರಂದು. ಅಲ್ಲಿಂದ ಈಚೆಗೆ ನೊಂದವರಿಗೆಂದು ತೆರೆದ ಬಾಗಿಲುಗಳಿಗೇನೂ ಕೊರತೆಯಿಲ್ಲ. ಕಾಯ್ದೆಯಡಿ ನೊಂದವರಿಗೆ ನೆರವಾಗಲೆಂದೇ ನೇಮಕವಾದ ಸಂರಕ್ಷಣಾಧಿಕಾರಿ ಇದ್ದಾರೆ, ಮಹಿಳಾ ಠಾಣೆ ಇದೆ, ಸಾಂತ್ವನ ಕೇಂದ್ರ, ಒಂದೇ ಸೂರಿನಡಿ ನೆರವು ನೀಡುವ ಸಖಿ ಕೇಂದ್ರ, 181 ಮಹಿಳಾ ಸಹಾಯವಾಣಿ, 112 ತುರ್ತು ಕರೆ, ತಾಲ್ಲೂಕು ಕಾನೂನು ಸೇವಾ ಸಮಿತಿ ಎಲ್ಲವೂ ಇವೆ. ಆದರೆ ಒಂದು ಕಡೆ ಹೇಳಿಕೊಂಡಿದ್ದು ಇನ್ನೊಂದು ಕಡೆಗೆ ತಲುಪುವುದಿಲ್ಲ. ಪಾವಗಡ ತಾಲ್ಲೂಕಿನ ಹಳ್ಳಿಯೊಂದರ ಹೆಣ್ಣುಮಗಳು ಠಾಣೆಯಲ್ಲಿ, ಆಸ್ಪತ್ರೆಯಲ್ಲಿ, ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿಯಲ್ಲಿ, ಕೊನೆಗೆ ವಕೀಲರ ಮುಂದೆ ಅದೇ ನೋವನ್ನು ಮೊದಲಿನಿಂದ ಹೇಳಬೇಕು. ನಾಲ್ಕು ಕಡೆ ನಾಲ್ಕು ಬಗೆಯಾಗಿ ಬರೆದುಕೊಂಡಿದ್ದನ್ನೇ ಎದುರು ಪಕ್ಷದ ವಕೀಲರು ಪಾಟೀಸವಾಲಿನಲ್ಲಿ ಹಿಡಿದೆಳೆಯುತ್ತಾರೆ.

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 18ರಿಂದ 49 ವರ್ಷದೊಳಗಿನ ವಿವಾಹಿತೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ನಾಲ್ಕನೇ ಸಮೀಕ್ಷೆಯಲ್ಲಿ ಇದು ಶೇ 20.6 ಇತ್ತು. ಇಷ್ಟು ದೊಡ್ಡ ಸಂಕಟವನ್ನು ಒಂದೊಂದು ಇಲಾಖೆ ಒಂದೊಂದು ಮೂಲೆಯಲ್ಲಿ ಕೂತು ನಿಭಾಯಿಸಲು ಆಗದು.

ಎಲ್ಲವನ್ನೂ ಕಟ್ಟಿಹಾಕುವ ದಾರ ಕಾಯ್ದೆಯೊಳಗೇ ಇದೆ. ಅದು ನಿಯಮಗಳ ನಮೂನೆ 1, ಅಂದರೆ ಕೌಟುಂಬಿಕ ಘಟನಾ ವರದಿ. ಬಳಕೆಯಲ್ಲಿ ಡಿಐಆರ್. ಇದನ್ನು ಒಮ್ಮೆ ಸರಿಯಾಗಿ ತುಂಬಿ ಮ್ಯಾಜಿಸ್ಟ್ರೇಟರಿಗೆ ಕಳಿಸಿ, ಪ್ರತಿಯನ್ನು ಠಾಣೆಗೆ ಮತ್ತು ಆ ಪ್ರದೇಶದ ಸೇವಾ ಸಂಸ್ಥೆಗೆ ಕೊಟ್ಟರೆ ಉಳಿದವರೆಲ್ಲ ಅದೇ ಕಾಗದದ ಮೇಲೆ ಕೆಲಸ ಮುಂದುವರಿಸಬಹುದು. ಆಗುತ್ತಿರುವುದೇನು? ಡಿಐಆರ್ ಬರೆಯುವುದು ಸಂರಕ್ಷಣಾಧಿಕಾರಿಯೂ ಆಗಿರುವ ಸಿಡಿಪಿಒ ಒಬ್ಬರ ಕೆಲಸ ಎಂದುಕೊಂಡು ಉಳಿದವರು ಕೈತೊಳೆದುಕೊಳ್ಳುತ್ತಾರೆ.

ಆಸ್ಪತ್ರೆಯನ್ನೇ ನೋಡಿ. ನಿಯಮ 17ರ ಪ್ರಕಾರ ಡಿಐಆರ್ ಆಗಿಲ್ಲವೆಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ಆಗಿರದಿದ್ದರೆ ಆಸ್ಪತ್ರೆಯ ಉಸ್ತುವಾರಿ ವೈದ್ಯರೇ ನಮೂನೆ 1 ತುಂಬಿ ಸಂರಕ್ಷಣಾಧಿಕಾರಿಗೆ ಕಳಿಸಬೇಕು, ತಪಾಸಣಾ ವರದಿಯ ಪ್ರತಿಯನ್ನು ಆಕೆಗೆ ಉಚಿತವಾಗಿ ಕೊಡಬೇಕು. ತಾಲ್ಲೂಕು ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಈ ನಮೂನೆ ಕಣ್ಣಿಗೆ ಬೀಳುವುದೇ ಅಪರೂಪ. ಪಕ್ಕದಲ್ಲಿ ಗಂಡನೋ ಅತ್ತೆಯೋ ನಿಂತಿರುತ್ತಾರೆ; ಆಕೆ ‘ಬಚ್ಚಲಲ್ಲಿ ಜಾರಿ ಬಿದ್ದೆ’ ಎನ್ನುತ್ತಾಳೆ; ಚೀಟಿಯಲ್ಲಿ ಅಷ್ಟೇ ಬರೆದು ನೋವಿನ ಮಾತ್ರೆ ಕೊಡುತ್ತಾರೆ. ಮುಂದೆ ಆ ಚೀಟಿಯೇ ಆಕೆಗೆ ತಿರುಗುಬಾಣ. ಜೊತೆಗೆ ಬಂದವರನ್ನು ಹೊರಗೆ ಕಳಿಸಿ, ಪರದೆಯ ಹಿಂದೆ ಒಬ್ಬಳನ್ನೇ ಕೇಳಬೇಕು. ಗಾಯ ಎಲ್ಲಿದೆ, ಎಷ್ಟು ಸೆಂಟಿಮೀಟರ್ ಉದ್ದ, ಯಾವ ಬಣ್ಣ, ಹೊಸದೋ ಹಳೆಯದೋ ಎಂದು ಬಿಡಿಬಿಡಿಯಾಗಿ ಬರೆಯಬೇಕು. ಮುಂಗೈ ಹೊರಭಾಗದ ಬಾವು, ತೋಳಿನ ಒಳಭಾಗದ ಬೆರಳಚ್ಚಿನಂಥ ಕಲೆ, ಬೇರೆ ಬೇರೆ ದಿನದ ಗಾಯಗಳು ಜಾರಿ ಬಿದ್ದ ಮಾತಿಗೆ ಸುಲಭವಾಗಿ ಹೊಂದುವುದಿಲ್ಲ. ಹೊಂದುತ್ತಿಲ್ಲ ಎಂಬುದನ್ನೂ ದಾಖಲಿಸಬೇಕು. ಇದಕ್ಕೆ ತಜ್ಞರೇ ಬೇಕಿಲ್ಲ. ತರಬೇತಿ ಪಡೆದ ಒಬ್ಬ ಶುಶ್ರೂಷಕಿ ಮತ್ತು ಬಾಗಿಲಿರುವ ಒಂದು ಕೋಣೆ ಸಾಕು.

ಠಾಣೆಗಳಲ್ಲಿ ತೊಡಕು ಬೇರೆ. ದೂರಿಗೆ ಅರ್ಜಿ ಸಂಖ್ಯೆ ಕೊಟ್ಟು, ಗಂಡನನ್ನು ಕರೆಸಿ, ಇನ್ನು ಮುಂದೆ ಹೊಡೆಯುವುದಿಲ್ಲವೆಂದು ಮುಚ್ಚಳಿಕೆ ಬರೆಸಿಕೊಂಡು ಇಬ್ಬರನ್ನೂ ಒಂದೇ ಬಸ್ಸಿಗೆ ಹತ್ತಿಸುವುದು ರೂಢಿ. ಅಂಥ ಮುಚ್ಚಳಿಕೆಗೆ ನ್ಯಾಯಾಲಯದ ರಕ್ಷಣಾ ಆದೇಶದ ಬಲವಿಲ್ಲ. ಸೆಕ್ಷನ್ 5ರಂತೆ ಪೊಲೀಸರು ಆಕೆಗೆ ಸಂರಕ್ಷಣಾಧಿಕಾರಿಯ ಬಗ್ಗೆ, ಉಚಿತ ವಕೀಲರ ಬಗ್ಗೆ, ಗಂಡ ಮತ್ತು ಆತನ ಕಡೆಯವರ ಕ್ರೌರ್ಯದ ವಿರುದ್ಧ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 85ರಡಿ ದೂರು ಕೊಡುವ ಹಕ್ಕಿನ ಬಗ್ಗೆ ತಿಳಿಸಲೇಬೇಕು. ಈ ಕಾಯ್ದೆಯಡಿ ಅರ್ಜಿ, ಸಂಹಿತೆಯಡಿ ದೂರು, ಎರಡೂ ದಾರಿ ಒಟ್ಟಿಗೇ ಹಿಡಿಯಬಹುದು. ಒಂದನ್ನು ತೋರಿಸಿ ಇನ್ನೊಂದನ್ನು ತಪ್ಪಿಸುವಂತಿಲ್ಲ. ರಾಜಿ ಮಾಡಿಸುವ ಆತುರ ಸಮಾಲೋಚನೆಯಲ್ಲೂ ಇದೆ. ನ್ಯಾಯಾಲಯ ಕಳಿಸಿದ ಸಮಾಲೋಚನೆಯಲ್ಲಿ ಹೊಡೆದವನು ತನ್ನ ಕೃತ್ಯಕ್ಕೆ ಸಮರ್ಥನೆ ಕೊಡಲು ಅವಕಾಶವೇ ಇಲ್ಲವೆಂದು ನಿಯಮ 14 ಹೇಳುತ್ತದೆ. ‘ಅವಳೂ ಎದುರು ಮಾತಾಡ್ತಾಳೆ ಸಾರ್’ ಎಂಬಲ್ಲಿಂದ ಶುರುವಾಗುವ ಪಂಚಾಯ್ತಿಗಳನ್ನು ಈ ನಿಯಮ ತೋರಿಸಿಯೇ ನಿಲ್ಲಿಸಬೇಕು.

ಇನ್ನು ಸಂರಕ್ಷಣಾಧಿಕಾರಿ. ನಮ್ಮಲ್ಲಿ ಈ ಹೊಣೆ ಸಿಡಿಪಿಒಗಳ ಹೆಗಲಿಗೆ ಬಿದ್ದಿದೆ. ಅಂಗನವಾಡಿ, ಪೌಷ್ಟಿಕ ಆಹಾರ, ಮಾತೃವಂದನಾ, ಗೃಹಲಕ್ಷ್ಮಿ ಎಲ್ಲ ನೋಡಿಕೊಂಡು ಮಿಕ್ಕ ಹೊತ್ತಿನಲ್ಲಿ ಡಿಐಆರ್. ಕರ್ತವ್ಯಲೋಪವಾದರೆ ಅವರಿಗೆ ಒಂದು ವರ್ಷದವರೆಗೆ ಜೈಲು ಎಂದೂ ಕಾಯ್ದೆ ಹೇಳುತ್ತದೆ. ವಾಹನ, ಸಹಾಯಕರು, ನೋಟಿಸ್ ಜಾರಿಯ ಖರ್ಚು ಯಾವುದನ್ನೂ ಕೊಡದೆ ಶಿಕ್ಷೆಯ ಭಯ ಮಾತ್ರ ಕೊಡುವುದು ಅನ್ಯಾಯ. ಜಿಲ್ಲೆ ಮತ್ತು ತಾಲ್ಲೂಕು ಮಟ್ಟದಲ್ಲಿ ಸಂರಕ್ಷಣಾಧಿಕಾರಿಗಳನ್ನು ಗುರುತಿಸಿ ನೇಮಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎಲ್ಲ ರಾಜ್ಯಗಳಿಗೆ ನಿರ್ದೇಶನ ಕೊಟ್ಟಿದೆ. ಇರುವವರಿಗೇ ಹೆಸರಿನ ಹಲಗೆ ಬದಲಿಸಿದರೆ ಅದರ ಉದ್ದೇಶ ಈಡೇರದು. ಹತ್ತು ತಾಲ್ಲೂಕುಗಳ ನಮ್ಮ ತುಮಕೂರು ಜಿಲ್ಲೆಗೆ ತಾಲ್ಲೂಕಿಗೊಬ್ಬರು ಪೂರ್ಣಾವಧಿ ಅಧಿಕಾರಿ ಬೇಕು.

ಪ್ರಕರಣಗಳು ಹಳ್ಳ ಹಿಡಿಯುವುದು ಹೆಚ್ಚಾಗಿ ನೋಟಿಸ್ ಹಂತದಲ್ಲಿ. ಅರ್ಜಿ ಬಂದ ಮೂರು ದಿನದೊಳಗೆ ಸಾಮಾನ್ಯವಾಗಿ ಮೊದಲ ವಿಚಾರಣೆ, ಎರಡು ದಿನದೊಳಗೆ ನೋಟಿಸ್ ಜಾರಿ, ಮೊದಲ ವಿಚಾರಣೆಯಿಂದ 60 ದಿನದೊಳಗೆ ಇತ್ಯರ್ಥಕ್ಕೆ ಪ್ರಯತ್ನ ಎಂದು ಕಾಯ್ದೆಯಲ್ಲಿದೆ. ಆದರೆ ಗಂಡ ಇರುವುದು ಬೆಂಗಳೂರಿನ ಪೀಣ್ಯದಲ್ಲಿ, ಅರ್ಜಿಯಲ್ಲಿರುವುದು ಊರಿನ ವಿಳಾಸ. ‘ಮನೆಗೆ ಬೀಗ’ ಎಂಬ ಷರಾದೊಂದಿಗೆ ನೋಟಿಸ್ ವಾಪಸ್ ಬರುತ್ತದೆ, ವಾಯಿದೆ ಮೇಲೆ ವಾಯಿದೆ. ನಿಯಮ 12 ಓದಿದರೆ ಇದಕ್ಕೆ ಆಸ್ಪದವೇ ಇಲ್ಲ. ಕೆಲಸದ ಜಾಗದಲ್ಲೂ ನೋಟಿಸ್ ಕೊಡಬಹುದು, ಆ ಹೊತ್ತಿಗೆ ಅಲ್ಲಿನ ಉಸ್ತುವಾರಿ ಇರುವವರ ಕೈಗೆ ಕೊಡಬಹುದು, ಅದೂ ಆಗದಿದ್ದರೆ ಎದ್ದುಕಾಣುವ ಕಡೆ ಅಂಟಿಸಬಹುದು. ಆದ್ದರಿಂದ ಡಿಐಆರ್ ಬರೆಯುವಾಗಲೇ ಕಾರ್ಖಾನೆಯ ಹೆಸರು, ಪಾಳಿಯ ಸಮಯ, ಮೊಬೈಲ್ ಸಂಖ್ಯೆ, ಬಾಡಿಗೆ ಮನೆಯ ಮಾಲೀಕರ ಹೆಸರು, ಇಬ್ಬರು ಸಂಬಂಧಿಕರ ವಿಳಾಸ ಕೇಳಿ ಬರೆದಿಟ್ಟುಕೊಳ್ಳಬೇಕು. ಪಾವಗಡದ ಸಂರಕ್ಷಣಾಧಿಕಾರಿ ಬೆಂಗಳೂರಿನ ಸಂರಕ್ಷಣಾಧಿಕಾರಿಗೆ ಅದೇ ದಿನ ಇ–ಮೇಲ್‌ನಲ್ಲಿ ಕಳಿಸಿ, ಅವರು ಜಾರಿ ಮಾಡಿ ಫೋಟೊ ಸಹಿತ ವರದಿ ಕೊಡುವ ವ್ಯವಸ್ಥೆ ರಾಜ್ಯಮಟ್ಟದಲ್ಲೇ ಆಗಬೇಕು. ಒಂದು ತಾಲ್ಲೂಕಿನ ಅಧಿಕಾರಿ ಎಷ್ಟೇ ಶ್ರದ್ಧೆಯಿಂದ ದುಡಿದರೂ ಇದು ಒಬ್ಬರಿಂದಾಗುವ ಕೆಲಸವಲ್ಲ.

ಗಡಿಯ ಮಾತನ್ನೂ ಹೇಳಬೇಕು. ಪಾವಗಡದ ಸುತ್ತ ಬಹುಪಾಲು ಆಂಧ್ರ. ತವರು ಮಡಕಶಿರಾದಲ್ಲೋ ಹಿಂದೂಪುರದಲ್ಲೋ ಇರುತ್ತದೆ. ಆಕೆ ತಾತ್ಕಾಲಿಕವಾಗಿ ನೆಲೆಸಿರುವ ಊರಿನ ನ್ಯಾಯಾಲಯದಲ್ಲೂ ಅರ್ಜಿ ಹಾಕಬಹುದು, ಆದೇಶ ದೇಶದಾದ್ಯಂತ ಜಾರಿಯಾಗುತ್ತದೆ ಎಂದು ಸೆಕ್ಷನ್ 27 ಸ್ಪಷ್ಟವಾಗಿ ಹೇಳಿದೆ. ಹೀಗಿದ್ದೂ ‘ನಮ್ಮ ಸರಹದ್ದಲ್ಲ’ ಎಂದು ಎರಡೂ ಕಡೆ ವಾಪಸ್ ಕಳಿಸುತ್ತಾರೆ. ಶ್ರೀ ಸತ್ಯಸಾಯಿ ಜಿಲ್ಲೆಯ ಅಧಿಕಾರಿಗಳೊಂದಿಗೆ ನಮ್ಮ ಜಿಲ್ಲಾಡಳಿತ ಮಾತುಕತೆ ನಡೆಸಿ ಎರಡೂ ಕಡೆ ಒಬ್ಬೊಬ್ಬರನ್ನು ಸಂಪರ್ಕಕ್ಕೆ ಗೊತ್ತುಪಡಿಸಲಿ. ತೆಲುಗಿನಲ್ಲಿ ಹೇಳುವವರ ಡಿಐಆರ್ ಕನ್ನಡದಲ್ಲಿ ಬರೆದರೆ ತೆಲುಗಿನಲ್ಲಿ ಓದಿ ಹೇಳಿ, ಆಮೇಲೆ ಸಹಿ ಹಾಕಿಸಬೇಕು.

ನ್ಯಾಯಾಲಯದಲ್ಲಿ ಎರಡು ಎಡವಟ್ಟು ಮತ್ತೆ ಮತ್ತೆ ಆಗುತ್ತವೆ. ಎದುರು ಪಕ್ಷದ ಮಾತು ಕೇಳುವ ಮೊದಲೇ ಕೊಡುವ ಏಕಪಕ್ಷೀಯ ಮಧ್ಯಂತರ ಆದೇಶಕ್ಕೆ ನಮೂನೆ 3ರ ಪ್ರಮಾಣಪತ್ರ (ಅಫಿಡವಿಟ್) ಬೇಕು. ಅದಿಲ್ಲದೆ ಅರ್ಜಿ ಹಾಕಿದರೆ ಮೊದಲ ದಿನವೇ ವ್ಯರ್ಥ. ಡಿಐಆರ್ ಬಂದಿಲ್ಲವೆಂದು ಮುಂದೂಡುವುದು ಇನ್ನೊಂದು. ಡಿಐಆರ್ ಇಲ್ಲದಿದ್ದರೂ ಮಧ್ಯಂತರ ಮತ್ತು ಅಂತಿಮ ಆದೇಶ ಕೊಡಬಹುದೆಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲೇ ಹೇಳಿಯಾಗಿದೆ.

ಆದೇಶ ಸಿಕ್ಕರೂ ಅದು ಠಾಣೆಗೆ ತಲುಪಬೇಕಲ್ಲ. ಸೆಕ್ಷನ್ 24ರಂತೆ ಆದೇಶದ ಪ್ರತಿ ಠಾಣಾಧಿಕಾರಿಗೆ ಉಚಿತವಾಗಿ ಹೋಗಬೇಕು. ಹೋದ ಪ್ರತಿ ಟಪಾಲಿನಲ್ಲಿ ಸೇರಿಕೊಂಡರೆ ರಾತ್ರಿ 112ಕ್ಕೆ ಕರೆ ಬಂದಾಗ ವಾಹನದಲ್ಲಿ ಹೋದ ಸಿಬ್ಬಂದಿಗೆ ಆದೇಶ ಇರುವುದೇ ಗೊತ್ತಿರುವುದಿಲ್ಲ, ‘ಗಂಡ ಹೆಂಡ್ತಿ ಜಗಳ’ ಎಂದು ಬುದ್ಧಿ ಹೇಳಿ ಬರುತ್ತಾರೆ. ರಕ್ಷಣಾ ಆದೇಶದ ಉಲ್ಲಂಘನೆ ಜಾಮೀನುರಹಿತ ಅಪರಾಧ. ಒಂದು ವರ್ಷದವರೆಗೆ ಸಜೆ ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇದೆ. ಪ್ರತಿ ಠಾಣೆಯಲ್ಲಿ ರಕ್ಷಣಾ ಆದೇಶಗಳಿಗೆಂದೇ ಒಂದು ರಿಜಿಸ್ಟರ್, ಬೀಟ್ ಪುಸ್ತಕದಲ್ಲಿ ಒಂದು ನಮೂದು, 112ರ ಸಿಬ್ಬಂದಿಗೆ ಆ ಪಟ್ಟಿ ಇರಲೇಬೇಕು.

ಆಶ್ರಯದ ಸಮಸ್ಯೆಯೂ ಇದೆ. ಸಖಿ ಕೇಂದ್ರದಲ್ಲಿ ಇರಬಹುದಾದದ್ದು ಕೆಲವೇ ದಿನ, ಅದೂ ಇರುವುದು ಜಿಲ್ಲಾ ಕೇಂದ್ರದಲ್ಲಿ. ಹನ್ನೆರಡು ದಾಟಿದ ಗಂಡುಮಗನಿದ್ದರೆ ಆಶ್ರಯ ಗೃಹಕ್ಕೆ ಸೇರಿಸಿಕೊಳ್ಳುವುದಿಲ್ಲ; ಮಗನನ್ನು ಬಿಟ್ಟು ಬರಲಾಗದೆ ಆಕೆ ಹೊಡೆತದ ಮನೆಯಲ್ಲೇ ಉಳಿಯುತ್ತಾಳೆ. ತಾಯಿ ಮಕ್ಕಳನ್ನು ಒಟ್ಟಿಗೆ ಇರಿಸಿಕೊಳ್ಳುವ ಕೋಣೆಗಳು ಮಧುಗಿರಿ ಉಪವಿಭಾಗಕ್ಕಾದರೂ ಬೇಕು.

ಕಾಯ್ದೆಯ ಸೆಕ್ಷನ್ 11 ಗೃಹ, ಆರೋಗ್ಯ, ಕಾನೂನು ಮೊದಲಾದ ಇಲಾಖೆಗಳ ನಡುವೆ ಸಮನ್ವಯ ಸಾಧಿಸಿ ನಿಯತವಾಗಿ ಪರಿಶೀಲಿಸುವ ಹೊಣೆಯನ್ನು ಸರ್ಕಾರಕ್ಕೆ ಕೊಟ್ಟಿದೆ. ಹಾಗಾಗಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯೂ ಸೇರಿ ಎಲ್ಲ ಕಾರ್ಯದರ್ಶಿಗಳ ಸಹಿಯಿರುವ ಒಂದೇ ಜಂಟಿ ಸುತ್ತೋಲೆ ಹೊರಬರಲಿ. ಮೊದಲು ಭೇಟಿಯಾದ ಕಚೇರಿಯಲ್ಲೇ ಪ್ರಕರಣಕ್ಕೆ ಒಂದು ಸಂಖ್ಯೆ ಸಿಗಲಿ, 181 ಆಗಲಿ ಆಸ್ಪತ್ರೆಯಾಗಲಿ ಅದೇ ಸಂಖ್ಯೆ ಬಳಸಲಿ. ತಿಂಗಳಿಗೊಮ್ಮೆ ತಾಲ್ಲೂಕಿನಲ್ಲಿ ಸಂರಕ್ಷಣಾಧಿಕಾರಿ, ಪ್ರತಿ ಠಾಣೆಯಿಂದ ಒಬ್ಬರು, ತಾಲ್ಲೂಕು ಆರೋಗ್ಯಾಧಿಕಾರಿ, ಕಾನೂನು ಸೇವಾ ಸಮಿತಿಯ ಪ್ರತಿನಿಧಿ, ಸಾಂತ್ವನದ ಸಮಾಲೋಚಕರು ಒಂದು ಗಂಟೆ ಕೂತು ಬಾಕಿ ಪ್ರಕರಣಗಳನ್ನಷ್ಟೇ ನೋಡಲಿ. ಸಭೆಯಲ್ಲಿ ಹೆಸರು ಓದಬಾರದು, ಸಂಖ್ಯೆ ಮಾತ್ರ. ಆಶಾ, ಅಂಗನವಾಡಿ ಕಾರ್ಯಕರ್ತೆಯರು ಅದೇ ಬೀದಿಯವರು, ಒತ್ತಡಕ್ಕೆ ಸಿಕ್ಕಿಕೊಳ್ಳುವವರು; ಮಾಹಿತಿ ತಿಳಿಸುವ ಕೆಲಸ ಅವರಿಗಿರಲಿ, ಕಡತ ಅವರ ಕೈಗೆ ಹೋಗುವುದು ಬೇಡ.

ಲೆಕ್ಕ ಇಡುವ ಬಗೆಯೂ ಬದಲಾಗಬೇಕು. ‘ಇತ್ಯರ್ಥ’ ಅಂಕಣದಲ್ಲಿ ರಾಜಿಯನ್ನೂ ಸೇರಿಸಿದರೆ ಅಂಕಿ ಏರಿಸಲು ರಾಜಿಯೇ ಸುಲಭದ ದಾರಿಯಾಗುತ್ತದೆ. ಅದರ ಬದಲು ಐದು ಅಂತರಗಳನ್ನು ದಿನಗಳಲ್ಲಿ ಎಣಿಸಲಿ: ಮೊದಲ ಮಾಹಿತಿಯಿಂದ ಡಿಐಆರ್‌ಗೆ, ಡಿಐಆರ್‌ನಿಂದ ನ್ಯಾಯಾಲಯಕ್ಕೆ, ಅಲ್ಲಿಂದ ನೋಟಿಸ್ ಜಾರಿಗೆ, ನೋಟಿಸ್‌ನಿಂದ ಮಧ್ಯಂತರ ಆದೇಶಕ್ಕೆ, ಆದೇಶದಿಂದ ಠಾಣೆಯ ರಿಜಿಸ್ಟರ್‌ಗೆ. ಈ ಐದು ಅಂಕಿಗಳನ್ನು ತಾಲ್ಲೂಕುವಾರು ಪ್ರತಿ ತಿಂಗಳು ಜಿಲ್ಲಾಧಿಕಾರಿ ಕಚೇರಿಯ ಸೂಚನಾ ಫಲಕದಲ್ಲಿ ಪ್ರಕಟಿಸಬೇಕು.

– ಕೌಟುಂಬಿಕ ದೌರ್ಜನ್ಯ ಪ್ರಕರಣಗಳಲ್ಲಿ ಕೆಲಸ ಮಾಡುವ ವಕೀಲರು ಮತ್ತು ಆಪ್ತ ಸಮಾಲೋಚಕರು, ಪಾವಗಡ, ತುಮಕೂರು ಜಿಲ್ಲೆ