ಗೊತ್ತಿರೋರಿಗೇ ಎಷ್ಟು ಸಲ ಪರಿಸರದ ಪಾಠ?

ಸಂಪಾದಕರಿಗೆ ನಮಸ್ಕಾರ,

ಜೂನ್ 5 ಬಂತಂದ್ರೆ ಪೇಪರ್ ತುಂಬಾ ಪರಿಸರದ್ದೇ ಸುದ್ದಿ. ಸೆಮಿನಾರು, ವಿಜ್ಞಾನಿಗಳ ಭಾಷಣ, ಗಿಡ ನೆಡೋ ಫೋಟೋ. ಬರಲಿ, ತಕರಾರಿಲ್ಲ. ಆದ್ರೆ ಆ ಸೆಮಿನಾರಲ್ಲಿ ಕೂತಿರೋರು ಯಾರು ಅಂತ ಸ್ವಲ್ಪ ನೋಡಿ. ಕಾಡು ಉಳೀಬೇಕು ಅಂತ ಆಗಲೇ ಒಪ್ಪಿಕೊಂಡಿರೋರು, ವಿಜ್ಞಾನದ ಪುಸ್ತಕ ಓದೋರು, ಟಿಕೆಟ್ ತಗೊಂಡು ಮ್ಯೂಸಿಯಂಗೆ ಹೋಗೋಕೆ ದುಡ್ಡೂ ಪುರುಸೊತ್ತೂ ಇರೋರು. ಜೈಲಲ್ಲಿರೋರು, ವೃದ್ಧಾಶ್ರಮದಲ್ಲಿರೋರು, ಎರಡೆರಡು ಕಡೆ ದುಡಿದು ರಾತ್ರಿ ಮನೆ ಸೇರೋರು ಇವರ್ಯಾರೂ ಅಲ್ಲಿ ಕಾಣಲ್ಲ, ಕೇಳಿದ್ರೆ ಅವರಿಗೆಲ್ಲ ಅದರಲ್ಲಿ ಇಂಟರೆಸ್ಟ್ ಇಲ್ಲ ಬಿಡಿ ಅಂತಾರೆ. ಇಂಟರೆಸ್ಟ್ ಇಲ್ಲ ಅಂತ ಅವರು ಯಾವಾಗ ಹೇಳಿದ್ರು?

ನಾನು ಇಷ್ಟು ಧೈರ್ಯವಾಗಿ ಕೇಳ್ತಿರೋದಕ್ಕೆ ಕಾರಣ ನಳಿನಿ ನಾಡಕರ್ಣಿ. ಅಮೆರಿಕದ ಪರಿಸರ ವಿಜ್ಞಾನಿ, ಹಗ್ಗ ಕಟ್ಕೊಂಡು ಎತ್ತರದ ಮರಗಳ ತುದಿಗೆ ಹತ್ತಿ ಅಲ್ಲಿ ಏನೇನು ಬದುಕುತ್ತೆ ಅಂತ ನೋಡೋದೇ ಅವರ ವೃತ್ತಿ. ವಾಷಿಂಗ್ಟನ್ ರಾಜ್ಯದ ಕಡೆ ಹಳೇ ಕಾಡುಗಳಲ್ಲಿ ಮರದ ಕೊಂಬೆ ಮೇಲೆ ದಪ್ಪಗೆ ಪಾಚಿ ಬೆಳೆಯುತ್ತೆ, ಹೂವಿನ ವ್ಯಾಪಾರದೋರು ಬುಟ್ಟಿ, ಕುಂಡಕ್ಕೆ ಹಾಕೋಕೆ ಅಂತ ಅದನ್ನ ಕಾಡಿಂದ ಕಿತ್ತು ತರ್ತಾರೆ, ಕಿತ್ತ ಜಾಗದಲ್ಲಿ ಮತ್ತೆ ಮೊದಲಿನ ಥರ ಬೆಳೆಯೋಕೆ ಹತ್ತಾರು ವರ್ಷ ಬೇಕು. ಹಾಗಾದ್ರೆ ಕಾಡು ಮುಟ್ಟದೆ ಪಾಚಿನ ಬೆಳೆಸೋಕಾಗುತ್ತಾ, ಯಾವ ಜಾತಿ ಬೇಗ ಬೆಳೆಯುತ್ತೆ, ಎಷ್ಟು ನೀರು ಬೇಕು? ಇದನ್ನ ಯಾರೂ ಸರಿಯಾಗಿ ನೋಡಿರಲಿಲ್ಲ. ದಿನಾ ಗಮನಿಸೋ ಕಣ್ಣು, ತಾಳ್ಮೆ, ಟೈಮು ಮೂರೂ ಇರೋ ಜನ ಬೇಕಿತ್ತು. ಅಂಥವರನ್ನ ಹುಡುಕಿಕೊಂಡು ನಾಡಕರ್ಣಿ ಹೋಗಿದ್ದು ಜೈಲಿಗೆ! 2004ರಲ್ಲಿ ಸೀಡರ್ ಕ್ರೀಕ್ ಅನ್ನೋ ಜೈಲಲ್ಲಿ ಕೈದಿಗಳ ಜೊತೆ ಈ ಕೆಲಸ ಶುರುವಾಯ್ತು.

ಜೈಲಿಗೆ ಪಾಚಿ ಹೇಳಿ ಮಾಡಿಸಿದ ಹಾಗೆ. ಅದರ ಕೆಲಸಕ್ಕೆ ಗುದ್ದಲಿ ಕತ್ತರಿ ಅಂತ ಚೂಪಾದ ಸಾಮಾನು ಬೇಡ. ಒಂದೆರಡು ದಿನ ನೀರು ತಪ್ಪಿದ್ರೂ ಸಾಯಲ್ಲ, ಒಣಗಿ ಮುದುಡಿಕೊಂಡಿರುತ್ತೆ, ನಾಲ್ಕು ಹನಿ ಬಿತ್ತು ಅಂದ್ರೆ ನೋಡ್ತಾ ನೋಡ್ತಾ ಎಲೆ ಬಿಚ್ಚಿ ಹಸಿರಾಗುತ್ತೆ. ಕೈದಿಗಳು ಪಾಚಿಯ ಬೇರೆಬೇರೆ ಜಾತಿ ಗುರುತು ಹಿಡಿದು ವಿಂಗಡಿಸಿದ್ರು, ಅಳತೆ ತೆಗೆದ್ರು, ನೋಟ್ ಬರೆದ್ರು, ಏನು ಮಾಡಿದ್ರೆ ಚೆನ್ನಾಗಿ ಬರುತ್ತೆ ಅಂತ ವಿಜ್ಞಾನಿಗೇ ಹೇಳಿಕೊಟ್ರು. ಅವರಲ್ಲೊಬ್ಬ ಬಿಡುಗಡೆಯಾದ ಮೇಲೆ ಪಿಎಚ್‌ಡಿಗೇ ಸೇರಿಕೊಂಡ.

ನನಗೆ ಮುಖ್ಯ ಅನ್ಸಿದ್ದು ಇಷ್ಟು, ಅಲ್ಲಿ ಯಾರೂ ಹೋಗಿ ಭಾಷಣ ಮಾಡಿ ಬರಲಿಲ್ಲ. ಕೆಲಸ ಕೊಟ್ರು, ಅದೂ ಉತ್ತರ ಇನ್ನೂ ಗೊತ್ತಿಲ್ಲದ ನಿಜವಾದ ಕೆಲಸ. ಆಮೇಲೆ ಅದು ದೊಡ್ಡದಾಯ್ತು, 2009ರಲ್ಲಿ ಅದೇ ಜೈಲಲ್ಲಿ ಒರೆಗಾನ್ ಸ್ಪಾಟೆಡ್ ಅನ್ನೋ ಅಳಿವಿನಂಚಿನ ಕಪ್ಪೆನ ಮೊಟ್ಟೆಯಿಂದ ಸಾಕಿ ಕೆರೆಗೆ ಬಿಡೋ ಕೆಲಸ, 2011ರಲ್ಲಿ ಮಿಷನ್ ಕ್ರೀಕ್ ಮಹಿಳಾ ಜೈಲಲ್ಲಿ ಒಂದು ಅಪರೂಪದ ಚಿಟ್ಟೆ ಸಾಕೋ ಕೆಲಸ ಶುರುವಾಯ್ತು. ಮರಿಹುಳಕ್ಕೆ ದಿನಾ ಎಲೆ ಹಾಕಿ, ಎಷ್ಟು ತಿಂತು, ಯಾವಾಗ ಪೊರೆ ಬಿಡ್ತು ಅಂತ ಬರೆದಿಡಬೇಕಿತ್ತು. ಸರಿಯಾಗಿ ಕಲಿಸಿದ್ರೆ ಯಾರು ಬೇಕಾದ್ರೂ ಮಾಡಬಹುದು, ಆದ್ರೆ ಒಂದು ದಿನಾನೂ ಬಿಡದೆ ಮಾಡೋರು ಕಮ್ಮಿ.

ಇದರಲ್ಲಿ ಹುಳುಕೇ ಇಲ್ಲ ಅಂತ ಹೇಳ್ತಿಲ್ಲ. ಕೈದಿಗಳನ್ನ ಚಿಲ್ಲರೆ ಕೂಲಿಗೆ ದುಡಿಸ್ಕೊಂಡು ಹೆಸರು ಮಾಡ್ಕೊಳ್ತಾರೆ ಅಂತ ಯಾರಾದ್ರೂ ಅಂದ್ರೆ ಅದಕ್ಕೆ ಉತ್ತರ ಕೊಡ್ಲೇಬೇಕು. ಬರಲ್ಲ ಅನ್ನೋ ಹಕ್ಕು ಅವರಿಗಿರಬೇಕು, ಮಾಡಿದ ಕೆಲಸದಲ್ಲಿ ಅವರ ಹೆಸರೂ ಇರಬೇಕು. ಪಕ್ಕದ ಒರೆಗಾನ್ ರಾಜ್ಯದ ಸ್ನೇಕ್ ರಿವರ್ ಜೈಲಿನ ಕತೆನೂ ಅಷ್ಟೆ. ದಿನಕ್ಕೆ 23 ಗಂಟೆ ಒಂಟಿ ಕೋಣೆಯಲ್ಲಿರೋ ಕೈದಿಗಳಿಗೆ 2013ರಿಂದ ಕಾಡು, ಸಮುದ್ರದ ವಿಡಿಯೋ ತೋರಿಸೋಕೆ ಶುರು ಮಾಡಿದ್ರು, ಒಂದು ವರ್ಷದಲ್ಲಿ ಅವರ ಹೊಡೆದಾಟದ ಪ್ರಕರಣ ವಿಡಿಯೋ ನೋಡದವರಿಗಿಂತ ಶೇ 26 ಕಮ್ಮಿ ಆಯ್ತು ಅಂತ 2017ರಲ್ಲಿ ನಾಡಕರ್ಣಿ ಮತ್ತು ಜೊತೆಗಾರರು ಪ್ರಕಟಿಸಿದ್ರು. ಒಳ್ಳೇದೇ, ಆದ್ರೆ ಮನುಷ್ಯನನ್ನ 23 ಗಂಟೆ ಕೂಡಿಹಾಕಿ ಪರದೆ ಮೇಲೆ ಮರ ತೋರಿಸಿ ಎಲ್ಲಾ ಸರಿಯಾಯ್ತು ಅಂದ್ರೆ ನಾನಂತೂ ಒಪ್ಪಲ್ಲ.

ಜೈಲೊಂದೇ ಅಲ್ಲ. ಬೈಬಲ್ಲಲ್ಲಿ ಮರದ ಮಾತು ಎಲ್ಲೆಲ್ಲಿ ಬರುತ್ತೆ ಅಂತ ಹುಡುಕಿಕೊಂಡು ಹೋಗಿ ನಾಡಕರ್ಣಿ ಚರ್ಚುಗಳಲ್ಲಿ ಮಾತಾಡಿದಾರೆ. ಹೆಣ್ಣುಮಕ್ಕಳು ಮರ ಹತ್ತೋ ವಿಜ್ಞಾನಿ ಆಗಬಹುದು ಅಂತ ತೋರಿಸೋಕೆ ಬಾರ್ಬಿ ಗೊಂಬೆ ಕಂಪನಿನ ಕೇಳಿದ್ರೆ ಅವರು ಆಗ ತಲೆ ಕೆಡಿಸಿಕೊಳ್ಳಲಿಲ್ಲ, ಇವರೇ ಸೆಕೆಂಡ್ ಹ್ಯಾಂಡ್ ಗೊಂಬೆ ತಂದು ಹೆಲ್ಮೆಟ್ಟು, ಬೂಟು, ಹಗ್ಗ ತೊಡಿಸಿದ್ರು. (2019ರಲ್ಲಿ ಅದೇ ಕಂಪನಿ ವಿಜ್ಞಾನಿ ಬಾರ್ಬಿಗಳನ್ನ ಮಾರ್ಕೆಟ್ಟಿಗೆ ಬಿಡ್ತು, ಅದು ಬೇರೆ ಕತೆ.) ಎದುರಿಗಿರೋರಿಗೆ ಈಗಾಗಲೇ ಯಾವುದು ಮುಖ್ಯವೋ ಅಲ್ಲಿಂದ ಮಾತು ಶುರು ಮಾಡೋದು, ಅಷ್ಟೇ ಅವರ ದಾರಿ.

ಎಲ್ಲ ವಿಜ್ಞಾನಿಗಳೂ ಯಾಕೆ ಹೀಗೆ ಮಾಡಲ್ಲ ಅಂದ್ರೆ, ಬೈದು ಪ್ರಯೋಜನ ಇಲ್ಲ, ಅವರಿಗೆ ಬಡ್ತಿ ಸಿಗೋದು ಪೇಪರ್ ಪ್ರಕಟ ಮಾಡಿದ್ರೆ. ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ 1997ರಿಂದ ಸಂಶೋಧನೆಗೆ ದುಡ್ಡು ಕೊಡೋವಾಗ ಸಮಾಜಕ್ಕೆ ಏನು ಉಪಯೋಗ ಅಂತಾನೂ ನೋಡುತ್ತೆ. ನಿಯಮ ಇದ್ರೂ ಒಂದು ವೆಬ್‌ಸೈಟು, ಒಂದು ಶಾಲೆಗೆ ಭೇಟಿ ಅಂತ ಬರೆದು ಮುಗಿಸೋಕೆ ಅವಕಾಶ ಇದ್ದೇ ಇದೆ. ಜೈಲಿಗೋ ವೃದ್ಧಾಶ್ರಮಕ್ಕೋ ವರ್ಷಗಟ್ಟಲೆ ಹೋಗಿಬರೋ ವಿಜ್ಞಾನಿಯ ಆ ಕೆಲಸವನ್ನ ಬಡ್ತಿ ಲೆಕ್ಕಕ್ಕೆ ತಗೊಂಡ್ರೆ ಮಾತ್ರ ಬೇರೆಯವರೂ ಬರ್ತಾರೆ.

ನಿಮ್ಮಲ್ಲೂ ಒಂದು ವಿನಂತಿ. ಮುಂದಿನ ಸಲ ಪರಿಸರದ ಸೆಮಿನಾರು ವರದಿ ಮಾಡೋಕೆ ಬರೋ ನಿಮ್ಮ ವರದಿಗಾರರು ವೇದಿಕೆ ಮೇಲಿರೋರನ್ನ ಒಂದು ಪ್ರಶ್ನೆ ಕೇಳಲಿ, ಈ ಹಾಲ್‌ಗೆ ಯಾವತ್ತೂ ಬರದೇ ಇರೋರ ಹತ್ರ ನೀವು ಹೋಗಿದ್ದು ಯಾವಾಗ ಅಂತ. ಏನು ಉತ್ತರ ಬಂತೋ ಅದನ್ನ ಫೋಟೋ ಪಕ್ಕದಲ್ಲೇ ಹಾಕಿ.

ಇಂತಿ,
ನಿಮ್ಮ ಓದುಗ